ಗ್ರಂಥಾಲಯಕ್ಕೂ ಬೇಕು ಮುಯ್ಯಾಳು

ಸರ್ಜಾಪುರ ಎಂದರೆ ಈಗ ಕಣ್ಣಿಗೆ ಕಟ್ಟುವುದು ಅಪಾರ್ಟ್‌ಮೆಂಟ್ ಸಾಲು, ಐಟಿ ಕಂಪನಿಗಳ ಬಸ್ಸು, ಮುಗಿಯದ ಟ್ರಾಫಿಕ್ಕು. ಅದೇ ಸರ್ಜಾಪುರದ ಬಿಕ್ಕನಹಳ್ಳಿ ರಸ್ತೆಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವಿದೆ, ಅದು ‘ಅನುವಾದ ಸಂಪದ’ ಎಂಬ ಡಿಜಿಟಲ್ ಭಂಡಾರವೊಂದನ್ನು ನಡೆಸುತ್ತಿದೆ ಎಂಬುದು ಆ ಟ್ರಾಫಿಕ್ಕಿನಲ್ಲಿ ನಿಂತವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ಶಿಕ್ಷಣಕ್ಕೆ ಸಂಬಂಧಪಟ್ಟ ಬರಹಗಳು, ಶಿಕ್ಷಕರಿಗೆ ಬೇಕಾದ ಓದಿನ ಸಾಮಗ್ರಿ ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಿಗೆ ಅನುವಾದಗೊಂಡು ಅಲ್ಲಿ ಸೇರಿವೆ. ರಾಯಚೂರಿನ ಶಿಕ್ಷಕಿಯೊಬ್ಬರು ತಮ್ಮ ಫೋನಿನಿಂದಲೇ ಅದನ್ನು ಇಳಿಸಿಕೊಂಡು ಓದಬಹುದು, ದುಡ್ಡು ಕೊಡಬೇಕಿಲ್ಲ. ಈ ಭಂಡಾರ ಓಡುತ್ತಿರುವುದು ‘ಇಪ್ರಿಂಟ್ಸ್’ ಎಂಬ ಮುಕ್ತ ತಂತ್ರಾಂಶದ ಮೇಲೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಹುಟ್ಟಿದ ಈ ತಂತ್ರಾಂಶದ ಕೋಡನ್ನು ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಹಂಚಬಹುದು. 2002ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ವಿಜ್ಞಾನಿಗಳ ಸಂಶೋಧನಾ ಲೇಖನಗಳಿಗಾಗಿ ಇದೇ ತಂತ್ರಾಂಶದಲ್ಲಿ ಭಂಡಾರವೊಂದನ್ನು ತೆರೆದಿತ್ತು. ದೇಶದಲ್ಲಿ ಸಂಸ್ಥೆಯೊಂದು ಹಾಗೆ ಮಾಡಿದ್ದು ಅದೇ ಮೊದಲು. ಹೀಗೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ಕೆಲಸ ಮಲ್ಲೇಶ್ವರದ ಮಗ್ಗುಲಿನ ವಿಜ್ಞಾನ ಸಂಸ್ಥೆಗೂ ಸರ್ಜಾಪುರಕ್ಕೂ ಲೈಸೆನ್ಸ್ ಶುಲ್ಕವಿಲ್ಲದೆ ಬಂತು.

ಇಂಥ ಕಥೆಯನ್ನು ಸಾಮಾನ್ಯವಾಗಿ ಉಳಿತಾಯದ ಕಥೆಯಾಗಿ ಹೇಳುತ್ತಾರೆ: ತಂತ್ರಾಂಶ ಪುಕ್ಕಟೆ ಸಿಕ್ಕಿತು, ಗ್ರಂಥಾಲಯದ ಬಜೆಟ್ ಉಳಿಯಿತು. ಉಳಿತಾಯ ನಿಜವೇ ಆದರೂ ಅಷ್ಟಕ್ಕೇ ಮಾತು ನಿಲ್ಲಿಸಿದರೆ ವಿಷಯದ ಮುಖ್ಯ ಭಾಗವೇ ಬಿಟ್ಟುಹೋಗುತ್ತದೆ. ಇಪ್ರಿಂಟ್ಸ್‌ನಂಥ ತಂತ್ರಾಂಶಗಳಲ್ಲಿ ‘ಓಎಐ-ಪಿಎಂಎಚ್’ ಎಂಬ, 2001ರಲ್ಲಿ ರೂಪುಗೊಂಡ ಒಂದು ಒಪ್ಪಿಗೆಯ ನಿಯಮಾವಳಿ ಅಡಕವಾಗಿದೆ. ಭಂಡಾರವೊಂದು ತನ್ನಲ್ಲಿರುವ ಪ್ರತಿಯೊಂದು ಕೃತಿಯ ವಿವರವನ್ನು, ಅಂದರೆ ಶೀರ್ಷಿಕೆ, ಕರ್ತೃ, ವರ್ಷ, ಭಾಷೆ, ವಿಷಯ ಇವನ್ನು, ಯಂತ್ರಕ್ಕೆ ಅರ್ಥವಾಗುವ ಒಂದೇ ಕ್ರಮದಲ್ಲಿ ಹೊರಗಿಡುತ್ತದೆ. ಬೇರೊಂದು ಸರ್ವರ್ ನಿತ್ಯ ಬಂದು ಆ ವಿವರಗಳನ್ನು ಕೊಯ್ದುಕೊಂಡು ಹೋಗಿ, ಹತ್ತಾರು ಭಂಡಾರಗಳನ್ನು ಒಂದೇ ಹುಡುಕುಪೆಟ್ಟಿಗೆಯಿಂದ ಹುಡುಕುವ ಹಾಗೆ ಮಾಡಬಹುದು. ಇದಕ್ಕೆ ಯಾರೂ ಯಾರ ಅಪ್ಪಣೆಯನ್ನೂ ಪ್ರತಿಸಲ ಕೇಳಬೇಕಿಲ್ಲ. ಮುಕ್ತ ತಂತ್ರಾಂಶದ ಹೆಚ್ಚುಗಾರಿಕೆ ಇರುವುದು ಇಲ್ಲಿ. ಹಳ್ಳಿಗಳಲ್ಲಿ ನಾಟಿಗೋ ಕೊಯ್ಲಿಗೋ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ, ಕೂಲಿಯ ಲೆಕ್ಕ ಬರೆಯುವುದಿಲ್ಲ, ಬದಲಿಗೆ ದುಡಿಮೆಯೇ ವಾಪಸು ಬರುತ್ತದೆ. ಗ್ರಂಥಾಲಯಗಳಿಗೆ ಆ ಮುಯ್ಯಿಯನ್ನು ಸಾಧ್ಯವಾಗಿಸುವ ಸಲಕರಣೆ ಈ ತಂತ್ರಾಂಶ. ಕರ್ನಾಟಕಕ್ಕೆ ಸಲಕರಣೆ ಬಂದು ಎರಡು ದಶಕ ದಾಟಿದೆ. ಮುಯ್ಯಿ ಮಾತ್ರ ಇನ್ನೂ ಸರಿಯಾಗಿ ಶುರುವಾಗಿಲ್ಲ ಎಂಬುದು ನನ್ನ ತಕರಾರು.

ಸಲಕರಣೆ ಹೇಗೆ ಹುಟ್ಟಿತು ಎಂಬುದನ್ನು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಇವತ್ತು ನಮ್ಮ ಎಷ್ಟೋ ಕಾಲೇಜು ಗ್ರಂಥಾಲಯಗಳಲ್ಲಿ ಪುಸ್ತಕ ಕೊಡುವ, ವಾಪಸು ಪಡೆಯುವ, ಕ್ಯಾಟಲಾಗ್ ಹುಡುಕುವ ಕೆಲಸಕ್ಕೆ ಬಳಸುತ್ತಿರುವ ‘ಕೋಹಾ’ ಶುರುವಾಗಿದ್ದು ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಸಣ್ಣ ಜಿಲ್ಲೆಯ ಗ್ರಂಥಾಲಯ ಟ್ರಸ್ಟಿನಲ್ಲಿ. ಅವರ ಹಳೆಯ ವ್ಯವಸ್ಥೆ 2000ದ ಇಸವಿಯನ್ನು ಎದುರಿಸುವ ಸ್ಥಿತಿಯಲ್ಲಿರಲಿಲ್ಲ. ಮಾರುಕಟ್ಟೆಯ ತಂತ್ರಾಂಶಗಳು ದುಬಾರಿ, ಜೊತೆಗೆ ಶಾಖೆಗಳ ನಡುವಿನ ನಿಧಾನದ ಫೋನ್ ಸಂಪರ್ಕಕ್ಕೆ ಹೊಂದುತ್ತಿರಲಿಲ್ಲ. ಕಟಿಪೊ ಎಂಬ ಸ್ಥಳೀಯ ಕಂಪನಿಗೆ ಹೇಳಿ ಹೊಸದನ್ನೇ ಬರೆಸಿದರು. 2000ದ ಜನವರಿಯಲ್ಲಿ ಅದು ಕೆಲಸ ಶುರುಮಾಡಿತು. ಆಮೇಲೆ ಅವರು ತೆಗೆದುಕೊಂಡ ತೀರ್ಮಾನವೇ ಮುಖ್ಯವಾದದ್ದು: ಇದನ್ನು ಒಬ್ಬರೇ ಸಾಕಿಕೊಂಡು ಬರುವುದು ನಮ್ಮಿಂದಾಗದು, ಆದ್ದರಿಂದ ಎಲ್ಲರಿಗೂ ಕೊಟ್ಟುಬಿಡೋಣ ಎಂದು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದರು. ಅದರಲ್ಲಿ ಔದಾರ್ಯದಷ್ಟೇ ಸ್ವಂತದ ಲೆಕ್ಕಾಚಾರವೂ ಇತ್ತು. ಬಳಸುವವರು ಹೆಚ್ಚಿದಂತೆ ತಿದ್ದುವವರೂ ಹೆಚ್ಚಿದರು, ಆ ತಿದ್ದುಪಡಿಗಳು ಹೊರೊವೆನುವಾಕ್ಕೂ ಮರಳಿ ಬಂದವು. ಮುಂದೆ ಅಮೆರಿಕದ ಕಂಪನಿಯೊಂದು ನ್ಯೂಜಿಲೆಂಡಿನಲ್ಲೇ ಕೋಹಾ ಎಂಬ ಹೆಸರಿನ ಟ್ರೇಡ್‌ಮಾರ್ಕ್‌ಗೆ ಕೈ ಹಾಕಿದಾಗ, 2011ರಲ್ಲಿ, ಜಗತ್ತಿನ ಹಲವೆಡೆಯ ಗ್ರಂಥಪಾಲಕರು ಆ ಸಣ್ಣ ಟ್ರಸ್ಟಿನ ಬೆನ್ನಿಗೆ ನಿಂತರು. ಪರವಾನಗಿ ಕೋಡನ್ನು ಕಾಪಾಡಿತ್ತು, ಹೆಸರನ್ನು ಉಳಿಸಿಕೊಳ್ಳಲು ಸಮುದಾಯ ಬೇಕಾಯಿತು.

ಬೆಂಗಳೂರಿಗೆ ಇದೆಲ್ಲ ದೂರದ ಸುದ್ದಿಯಾಗಿರಲಿಲ್ಲ. ಎಸ್. ಆರ್. ರಂಗನಾಥನ್ 1962ರಲ್ಲಿ ಇಲ್ಲಿ ಸ್ಥಾಪಿಸಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಅಂದರೆ ಮೈಸೂರು ರಸ್ತೆಯ ಡಿಆರ್‌ಟಿಸಿ, ಎಂಐಟಿ ಮತ್ತು ಎಚ್‌ಪಿ ಕಂಪನಿ ಸೇರಿ ರೂಪಿಸಿದ ‘ಡಿಸ್ಪೇಸ್’ ಬಳಸಿ 2004ರಲ್ಲಿ ಗ್ರಂಥಪಾಲಕರಿಗಾಗಿಯೇ ಒಂದು ಡಿಜಿಟಲ್ ಗ್ರಂಥಾಲಯ ಕಟ್ಟಿತು. ವಿಜ್ಞಾನ ಸಂಸ್ಥೆಯ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರದಲ್ಲಿ (ಎನ್‌ಸಿಎಸ್‌ಐ) ಟಿ. ಬಿ. ರಾಜಶೇಖರ್ ಮತ್ತು ಅವರ ಸಹೋದ್ಯೋಗಿಗಳು ದೇಶದ ಗ್ರಂಥಪಾಲಕರಿಗೆ ಮುಕ್ತ ತಂತ್ರಾಂಶದ ಪಾಠ ಹೇಳಿದರು. ಹಲವು ಭಂಡಾರಗಳನ್ನು ಒಟ್ಟಿಗೆ ಹುಡುಕುವ ಸೇವೆಗಳನ್ನು ಈ ಎರಡೂ ಸಂಸ್ಥೆಗಳು ಕಟ್ಟಿದ್ದವು. ಇಂದು ದೇಶದ ಪಿಎಚ್‌.ಡಿ. ಪ್ರಬಂಧಗಳನ್ನು ಇಟ್ಟಿರುವ ಗಾಂಧಿನಗರದ ‘ಶೋಧಗಂಗಾ’ ನಿಂತಿರುವುದೂ ಡಿಸ್ಪೇಸ್ ಮೇಲೆಯೇ. ಹಾಗಾಗಿ ಜ್ಞಾನದ ಕೊರತೆಯಿತ್ತು ಎನ್ನುವಂತಿಲ್ಲ. ಕೊರತೆಯಿದ್ದದ್ದು ಕನ್ನಡ ಪುಸ್ತಕದ ಕಡೆಗೆ ಆ ಜ್ಞಾನ ತಿರುಗುವುದರಲ್ಲಿ.

ಅದಕ್ಕೆ ದೊಡ್ಡ ಸಾಕ್ಷಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅವರ ಹತ್ತು ಲಕ್ಷ ಪುಸ್ತಕಗಳ ಕನಸಿನ ಭಾರತೀಯ ಭಾಗ ಅದು; ಇಲ್ಲಿ ಅದರ ಮುಖ್ಯ ಕೇಂದ್ರವಾಗಿದ್ದದ್ದು ವಿಜ್ಞಾನ ಸಂಸ್ಥೆ. ದೇಶದ ಹಲವು ಕಡೆ ಸ್ಕ್ಯಾನಿಂಗ್ ಕೇಂದ್ರಗಳು ಎದ್ದವು, ಸಾವಿರಾರು ಕನ್ನಡ ಪುಸ್ತಕಗಳೂ ಸ್ಕ್ಯಾನ್ ಆದವು. ಆದರೆ ಓದುಗನಿಗೆ ಅವು ಸಿಗುತ್ತಿರಲಿಲ್ಲ. ಶೀರ್ಷಿಕೆ, ಲೇಖಕರ ಹೆಸರು ಎಲ್ಲವನ್ನೂ ರೋಮನ್ ಲಿಪಿಯಲ್ಲಿ, ಭಾಷೆ ಬಾರದವರೂ ಸೇರಿದಂತೆ ಕಂಡಕಂಡ ಕೈಗಳು, ತೋಚಿದ ಕಾಗುಣಿತದಲ್ಲಿ ಟೈಪು ಮಾಡಿದ್ದವು. ‘ಮರಳಿ ಮಣ್ಣಿಗೆ’ಯನ್ನು ರೋಮನ್ನಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು ಎಂದು ಯೋಚಿಸಿದರೆ ಸಾಕು, ತೊಂದರೆ ಅರ್ಥವಾಗುತ್ತದೆ: ಳಕಾರ ಲಕಾರವಾಗುತ್ತದೆ, ಒತ್ತಕ್ಷರ ಒಂಟಿಯಾಗುತ್ತದೆ, ಎರಡು ಪದ ಕೂಡಿಕೊಳ್ಳುತ್ತವೆ. ಹುಡುಕುವವನು ಬರೆದ ಕಾಗುಣಿತವೂ ಟೈಪಿಸಿದವನ ಕಾಗುಣಿತವೂ ಹೊಂದದಿದ್ದರೆ ಪುಸ್ತಕ ಇದ್ದೂ ಇಲ್ಲ. ಸಿಕ್ಕಿದ ಮೇಲಾದರೂ ಸುಖವಿತ್ತೇ? ಪುಟಗಳು ಬಿಡಿಬಿಡಿ ಚಿತ್ರಗಳಾಗಿ ತೆರೆದುಕೊಳ್ಳುತ್ತಿದ್ದವು, ಇಡೀ ಪುಸ್ತಕವನ್ನು ಇಳಿಸಿಕೊಳ್ಳುವ ಸೌಕರ್ಯವನ್ನು ಆಸಕ್ತರು ತಾವೇ ಬರೆದುಕೊಳ್ಳಬೇಕಾಯಿತು. ಸಾರ್ವಜನಿಕ ಹಣದ ಬಹುಪಾಲು ಸ್ಕ್ಯಾನಿಂಗಿಗೆ ಹೋಯಿತು. ಸ್ಕ್ಯಾನ್ ಆದದ್ದನ್ನು ಓದುಗನ ಕೈಗೆ ತಲುಪಿಸುವ ಸೂಚಿಯ ಕೆಲಸವನ್ನು ಗುಮಾಸ್ತಿಕೆ ಎಂದು ಬಗೆಯಲಾಯಿತು.

ಅದನ್ನು ಸರಿಮಾಡಲು ಹೊರಟದ್ದು ಸರ್ಕಾರವಲ್ಲ, ‘ಸಂಚಯ’ ಎಂಬ ಸ್ವಯಂಸೇವಕರ ಗುಂಪು. ಓಂಶಿವಪ್ರಕಾಶ್ ಮತ್ತು ಗೆಳೆಯರು ಬೆಂಗಳೂರಿನ ಐಟಿ ಕೆಲಸದ ನಡುವೆಯೇ 2013ರಲ್ಲಿ ‘ಪುಸ್ತಕ ಸಂಚಯ’ವನ್ನು ಶುರುಮಾಡಿದರು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯದ ಭಂಡಾರದಲ್ಲಿದ್ದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಒಂದೆಡೆ ತಂದು, ರೋಮನ್ನಿನಲ್ಲಿದ್ದ ಹೆಸರುಗಳನ್ನು ಕನ್ನಡ ಲಿಪಿಗೆ ತಿದ್ದಲು ಜನರನ್ನೇ ಕರೆದರು. ಯಾರೋ ಐದು ಶೀರ್ಷಿಕೆ ತಿದ್ದಿದರು, ಯಾರೋ ಐನೂರು. ಅದೇ ಕಾಲದಲ್ಲಿ ಓ. ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಅವರಂಥ ಸಾಹಿತ್ಯದ ಜನ ಜೊತೆಗೂಡಿ ‘ವಚನ ಸಂಚಯ’ ಬಂತು. 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದವಾರು ಹುಡುಕುವುದು ಸಾಧ್ಯವಾಯಿತು. ಒಂದು ಪದವನ್ನು ಯಾವ ವಚನಕಾರರು ಎಷ್ಟು ಸಲ ಬಳಸಿದ್ದಾರೆ ಎಂದು ನೋಡಲು ಸಂಶೋಧಕರು ಹಿಂದೆ ತಿಂಗಳುಗಟ್ಟಲೆ ಚೀಟಿ ಬರೆಯುತ್ತಿದ್ದರು. ಈ ಎರಡೂ ಕೆಲಸಗಳಿಗೆ ಮುಕ್ತ ತಂತ್ರಾಂಶ ಬೇಕಿತ್ತು, ಸರಿ. ಆದರೆ ಅದರೊಂದಿಗೆ ಸಾಹಿತ್ಯ ಬಲ್ಲವರು, ಕೋಡ್ ಬಲ್ಲವರು, ಸುಮ್ಮನೆ ಕನ್ನಡ ಓದಬಲ್ಲ ನೂರಾರು ಜನ ಒಂದೇ ಪಟ್ಟಿಯ ಮೇಲೆ ದುಡಿದದ್ದರಿಂದ ಅವು ಆದವು.

ಮುಂದಿನದು ಇನ್ನೂ ಪಾಠದ ಸಂಗತಿ. ಹಕ್ಕುಸ್ವಾಮ್ಯ ಇನ್ನೂ ಮುಗಿಯದ ಪುಸ್ತಕಗಳೂ ಸ್ಕ್ಯಾನ್ ಆಗಿದ್ದವೆಂಬ ದೂರುಗಳು ಬಂದು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಮಾಹಿತಿ ಮುಕ್ತತೆಯ ಹೋರಾಟಗಾರ, ಅಮೆರಿಕದ ಕಾರ್ಲ್ ಮಲಮುಡ್ ಅದರ 4 ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ನಕಲು ಮಾಡಿ, ಉಚಿತ ಡಿಜಿಟಲ್ ಭಂಡಾರವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಇಟ್ಟಿದ್ದರು. ಇಲ್ಲದಿದ್ದರೆ ನಮ್ಮ ತೆರಿಗೆಯ ಆ ಎಲ್ಲ ಸ್ಕ್ಯಾನಿಂಗ್ ಓದುಗನ ಪಾಲಿಗೆ ಹೋದಂತೆಯೇ ಲೆಕ್ಕ. ಮಲಮುಡ್ ಮತ್ತು ಓಂಶಿವಪ್ರಕಾಶ್ ಅವರಂಥವರು ಸೇರಿದ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಎಂಬ ತಂಡ ಬೆಂಗಳೂರಿನಲ್ಲೇ ಸ್ಕ್ಯಾನರುಗಳನ್ನು ಇಟ್ಟು ಕನ್ನಡದ ಪುಸ್ತಕಗಳನ್ನೂ ಆ ಆರ್ಕೈವ್‌ಗೆ ಸೇರಿಸುತ್ತಿದೆ. ಇಂಟರ್ನೆಟ್ ಆರ್ಕೈವ್ 2020ರ ಕೊನೆಯ ಹೊತ್ತಿಗೆ ಅಕ್ಷರ ಗುರುತಿಸುವ ಕೆಲಸಕ್ಕೆ ಖಾಸಗಿ ತಂತ್ರಾಂಶವನ್ನು ಬಿಟ್ಟು ‘ಟೆಸರಾಕ್ಟ್’ ಎಂಬ ಮುಕ್ತ ತಂತ್ರಾಂಶಕ್ಕೆ ಬಂತು. ಟೆಸರಾಕ್ಟ್‌ಗೆ ಕನ್ನಡ ಗೊತ್ತು. ಹಾಗಾಗಿ ಬರೀ ಚಿತ್ರವಾಗಿದ್ದ ಹಳೆಯ ಕನ್ನಡ ಪುಟಗಳ ಒಳಗೂ, ತಪ್ಪುಗಳೊಂದಿಗೇ ಆದರೂ, ಪದ ಹುಡುಕುವುದು ಸಾಧ್ಯವಾಗುತ್ತಿದೆ. ಕನ್ನಡಿಗರು ಅರ್ಜಿ ಹಾಕಿ, ಕಂಪನಿಯೊಂದು ಮಾರುಕಟ್ಟೆಯ ಲೆಕ್ಕ ನೋಡಿ, ಕನಿಕರಿಸಿ ಕೊಟ್ಟ ಸೌಲಭ್ಯ ಇದಾಗಿರಲಿಲ್ಲ. ಯಾರೋ ಎಲ್ಲೋ ಕನ್ನಡವನ್ನು ಸೇರಿಸಿದ್ದರು, ಅದು ಎಲ್ಲರದಾಯಿತು.

ಮುಚ್ಚಿದ ದಾರಿಯ ಅನುಭವವೂ ನಮಗಿದೆ. ನುಡಿ, ಬರಹ, ಶ್ರೀಲಿಪಿಗಳ ಆಸ್ಕಿ ಫಾಂಟುಗಳ ಕಾಲದಲ್ಲಿ ಕನ್ನಡದ ಕಂಪ್ಯೂಟರ್ ಬರವಣಿಗೆ ಅದ್ಭುತವಾಗಿ ಬೆಳೆಯಿತು, ಡಿಟಿಪಿ ಅಂಗಡಿಗಳು ಬೀದಿಬೀದಿಯಲ್ಲಿ ತೆರೆದವು. ಆದರೆ ಆ ಫೈಲುಗಳಲ್ಲಿ ಕನ್ನಡ ಇರಲಿಲ್ಲ, ಕನ್ನಡದ ಆಕಾರ ಮಾತ್ರ ಇತ್ತು. ಫಾಂಟು ತೆಗೆದರೆ ಉಳಿಯುವುದು ಅರ್ಥವಿಲ್ಲದ ಗುರುತುಗಳ ರಾಶಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಕರ್ನಾಟಕ ಸರ್ಕಾರ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 2012ರಲ್ಲಿ. ನಡುವಿನ ಎರಡು ದಶಕದಲ್ಲಿ ಅಚ್ಚಾದ ಬಹುಪಾಲು ಪುಸ್ತಕಗಳ ಪಿಡಿಎಫ್‌ಗಳಲ್ಲಿ ಇಂದಿಗೂ ಪದ ಹುಡುಕಲಾಗದು. ಅನೇಕ ಗ್ರಂಥಾಲಯಗಳ ಕ್ಯಾಟಲಾಗಿನಲ್ಲಿ ಕನ್ನಡ ಪುಸ್ತಕಗಳು ರೋಮನ್ ಲಿಪಿಯಲ್ಲೇ ಕೂತಿರುವುದಕ್ಕೂ ಇದೊಂದು ಕಾರಣ. ಕೋಹಾ, ಡಿಸ್ಪೇಸ್ ಎರಡೂ ಯೂನಿಕೋಡನ್ನು ಸಲೀಸಾಗಿ ಬಲ್ಲವು. ಬದಲಾಗಬೇಕಾದದ್ದು ಹಳೆಯ ದಾಖಲೆ. ಅದನ್ನು ಪ್ರತಿ ಕಾಲೇಜೂ ಪ್ರತ್ಯೇಕವಾಗಿ ಬದಲಾಯಿಸಹೊರಟರೆ ಒಂದೇ ಪುಸ್ತಕದ ಹೆಸರನ್ನು ಐನೂರು ಜನ ಟೈಪು ಮಾಡುತ್ತಾರೆ, ಐದು ಬಗೆಯಲ್ಲಿ.

ಒಬ್ಬರು ಒಮ್ಮೆ ಸೂಚಿ ಮಾಡಿದ್ದನ್ನು ಎಲ್ಲರೂ ಬಳಸುವ ಉಪಾಯ ಹೊಸದಲ್ಲ. ಅಮೆರಿಕದ ಒಹಾಯೊ ರಾಜ್ಯದ ಕಾಲೇಜುಗಳು 1967ರಲ್ಲಿ ಕೂಡಿ ಕಟ್ಟಿದ ಓಸಿಎಲ್‌ಸಿ ಎಂಬ ಸಂಸ್ಥೆ 1971ರಿಂದ ಇದನ್ನು ಕಂಪ್ಯೂಟರಿನಲ್ಲಿ ನಡೆಸುತ್ತಿದೆ. ಇಂದಿನ ‘ವರ್ಲ್ಡ್‌ಕ್ಯಾಟ್’ ಅದರ ಫಲ. ಸಹಕಾರಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಗ್ರಂಥಾಲಯ ಲೋಕದಲ್ಲಿಲ್ಲ. ಆದರೆ 2008ರಲ್ಲಿ ಅದೇ ಸಂಸ್ಥೆ, ಗ್ರಂಥಾಲಯಗಳೇ ತುಂಬಿಕೊಟ್ಟ ದಾಖಲೆಗಳನ್ನು ಅವು ಬೇರೆಡೆ ಹೇಗೆ ಬಳಸಬೇಕು ಎಂಬುದಕ್ಕೆ ಕಟ್ಟುಪಾಡು ಹಾಕಹೊರಟಿತು. ಗ್ರಂಥಪಾಲಕರು ಎದ್ದು ನಿಂತದ್ದರಿಂದ ಮರುವರ್ಷ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಸಹಕಾರವಿದ್ದು ಮುಕ್ತತೆ ಇಲ್ಲದಿದ್ದರೆ ನಡುವಿನವನು ಯಜಮಾನನಾಗುತ್ತಾನೆ. ಮುಕ್ತ ತಂತ್ರಾಂಶವಿದ್ದು ಸಹಕಾರವಿಲ್ಲದಿದ್ದರೆ ಪ್ರತಿಯೊಬ್ಬನೂ ತನ್ನ ಕೋಣೆಯಲ್ಲಿ ಒಂಟಿ. ನಾವು ಈಗ ಎರಡನೆಯ ಸ್ಥಿತಿಯಲ್ಲಿದ್ದೇವೆ.

ಕೊಳ್ಳುವ ವಿಷಯದಲ್ಲಿ ಕೂಡಿಕೊಳ್ಳುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ ಎಂಬುದನ್ನು ಒಪ್ಪಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲೇ ‘ಹೆಲಿನೆಟ್’ ಮೂಲಕ ವೈದ್ಯಕೀಯ ಕಾಲೇಜುಗಳನ್ನು ಒಗ್ಗೂಡಿಸಿ ಜರ್ನಲ್ ತರಿಸಿತು. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಅದು 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳಿಗೆ ಕೊಡುವ ಬಾಡಿಗೆ. ಬಾಡಿಗೆ ಬೇಡವೆಂದಲ್ಲ, ವಿದ್ಯಾರ್ಥಿಗಳಿಗೆ ಅದು ಬೇಕು. ಆದರೆ ಬಾಡಿಗೆಗೆ ಕೂಡಿಕೊಂಡಷ್ಟು ಸುಲಭವಾಗಿ ಸ್ವಂತದ್ದನ್ನು ಕಟ್ಟಲು ಕೂಡಿಕೊಳ್ಳುತ್ತಿಲ್ಲವಲ್ಲ.

ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗೆ ಬರೋಣ. 1965ರ ಕಾಯ್ದೆಯಡಿ ನಿಂತ, ಆಸ್ತಿ ತೆರಿಗೆಯೊಂದಿಗೆ ಜನ ಕಟ್ಟುವ ಶೇ 6ರ ಗ್ರಂಥಾಲಯ ಕರದಿಂದ ನಡೆಯುವ ವ್ಯವಸ್ಥೆ ಇದು. 2020ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ‘ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ’ವನ್ನು ಆರಂಭಿಸಿತು. ಕೊರೊನಾ ಕಾಲದಲ್ಲಿ ಗ್ರಂಥಾಲಯಗಳ ಬಾಗಿಲು ಹಾಕಿದ್ದಾಗ ಅದರ ಆ್ಯಪ್ ಮನೆಮನೆ ತಲುಪಿತು, ಸದಸ್ಯರ ಸಂಖ್ಯೆ ಭರದಿಂದ ಏರಿತು. ಆ ಕೆಲಸವನ್ನು ಹೀಗಳೆಯುವ ಕಾರಣವಿಲ್ಲ. ನನ್ನ ಪ್ರಶ್ನೆ ಬೇರೆ. ಖಾಸಗಿ ಕಂಪನಿಯ ವೇದಿಕೆಯ ಮೇಲೆ ನಿಂತ ಸೇವೆಯೊಂದರ ಒಪ್ಪಂದ ಮುಗಿದ ದಿನ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಓದುಗರ ಪಟ್ಟಿ, ಪುಸ್ತಕಗಳ ವಿವರ, ಕನ್ನಡದಲ್ಲಿ ಮಾಡಿದ ವಿಷಯ ವಿಂಗಡಣೆ, ಇವು ಬೇರೊಂದು ತಂತ್ರಾಂಶಕ್ಕೆ ಸಾಗಿಸಬಹುದಾದ ಮುಕ್ತ ರೂಪದಲ್ಲಿ ಇಲಾಖೆಗೆ ವಾಪಸು ಬರುತ್ತವೆಯೇ? ಸರ್ಜಾಪುರದ ಭಂಡಾರವಾಗಲಿ, ಬೇರೊಂದು ವಿಶ್ವವಿದ್ಯಾಲಯದ ಭಂಡಾರವಾಗಲಿ ಆ ವಿವರಗಳನ್ನು ತನ್ನ ಸೂಚಿಯ ಜೊತೆಗೆ ಹುಡುಕಿಸಬಹುದೇ? ಅನುವಾದ ಸಂಪದದಲ್ಲಿರುವ ಶಿಕ್ಷಕರ ಸಾಮಗ್ರಿ ಸಾರ್ವಜನಿಕ ಗ್ರಂಥಾಲಯದ ಆ್ಯಪಿನಲ್ಲಿ ಹುಡುಕಿದವರಿಗೆ ಕಾಣಿಸಬೇಡವೇ? ಬೆಂಗಳೂರಿನ ಎರಡು ಸಾರ್ವಜನಿಕ ಉಪಯೋಗದ ಭಂಡಾರಗಳು ಪರಸ್ಪರ ಮಾತಾಡದಿದ್ದರೆ ಹುಡುಕುವ ಹೊರೆಯೆಲ್ಲ ಓದುಗನ ತಲೆಯ ಮೇಲೆ ಬೀಳುತ್ತದೆ.

‘ಪುಕ್ಕಟೆಯ ತಂತ್ರಾಂಶಕ್ಕೂ ಖರ್ಚಿದೆ, ನೋಡಿಕೊಳ್ಳುವವರು ಯಾರು?’ ಎಂಬುದು ಗ್ರಂಥಪಾಲಕರೇ ಎತ್ತುವ ಆಕ್ಷೇಪ. ಇದು ಪೂರ್ತಿ ನಿಜ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗವಾದ, ಈಗ ‘ಅರಿವು ಕೇಂದ್ರ’ ಎಂದು ಕರೆಸಿಕೊಳ್ಳುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಐದೂವರೆ ಸಾವಿರಕ್ಕೂ ಹೆಚ್ಚಿವೆ. ಅಲ್ಲಿನ ಗ್ರಂಥಾಲಯ ಮೇಲ್ವಿಚಾರಕರು ಮಕ್ಕಳಿಗೆ ಕಥೆ ಹೇಳಿ, ಪತ್ರಿಕೆ ಜೋಡಿಸಿ, ಪಂಚಾಯಿತಿ ಹೇಳಿದ ಇತರ ಕೆಲಸವನ್ನೂ ಮಾಡಿ, ಆಮೇಲೆ ಲಿನಕ್ಸ್ ಸರ್ವರಿನ ಬ್ಯಾಕಪ್ ತೆಗೆದುಕೊಳ್ಳಬೇಕು ಎಂದರೆ ಅದು ಅನ್ಯಾಯ. ಆದರೆ ಈ ಆಕ್ಷೇಪ ಒಂಟಿ ಗ್ರಂಥಾಲಯದ ಸರ್ವರಿಗೆ ಅನ್ವಯಿಸುತ್ತದೆಯೇ ಹೊರತು ಕೂಡಿ ನಡೆಸುವ ಸರ್ವರಿಗಲ್ಲ. ಜಾರ್ಜಿಯಾ ಎಂಬ ಅಮೆರಿಕದ ರಾಜ್ಯದ ಗ್ರಂಥಾಲಯ ಇಲಾಖೆ ಇದನ್ನು ಮಾಡಿ ತೋರಿಸಿದೆ. ನೂರಾರು ಸಣ್ಣ ಗ್ರಂಥಾಲಯಗಳನ್ನು ಒಂದೇ ಕ್ಯಾಟಲಾಗಿನಡಿ ತಂದಿದ್ದ ಆ ಇಲಾಖೆಗೆ ಮಾರುಕಟ್ಟೆಯ ತಂತ್ರಾಂಶ ಆ ಭಾರ ತಡೆಯದೆನಿಸಿದಾಗ, 2004ರಲ್ಲಿ ಬೆರಳೆಣಿಕೆಯ ಪ್ರೋಗ್ರಾಮರುಗಳನ್ನು ಇಟ್ಟುಕೊಂಡು ತಾನೇ ಬರೆಸತೊಡಗಿತು. 2006ರ ಸೆಪ್ಟೆಂಬರಿನಲ್ಲಿ ‘ಎವರ್‌ಗ್ರೀನ್’ ಎಂಬ ಆ ತಂತ್ರಾಂಶಕ್ಕೆ 250ಕ್ಕೂ ಹೆಚ್ಚು ಗ್ರಂಥಾಲಯಗಳು ಒಟ್ಟಿಗೆ ಬದಲಾದವು. ಅದನ್ನು ಮುಕ್ತವಾಗಿ ಬಿಟ್ಟದ್ದರಿಂದ ಬೇರೆ ರಾಜ್ಯಗಳೂ ಎತ್ತಿಕೊಂಡವು. ಜಾರ್ಜಿಯಾದ ಸಣ್ಣ ಊರಿನ ಗ್ರಂಥಪಾಲಕರು ಸರ್ವರನ್ನು ಕಣ್ಣಿನಲ್ಲೂ ಕಂಡಿರಲಿಕ್ಕಿಲ್ಲ. ತಂತ್ರಾಂಶದ ಲೈಸೆನ್ಸಿಗೆ ಕೊಡುತ್ತಿದ್ದ ಹಣ ಜನರ ಸಂಬಳಕ್ಕೆ ಹೋಯಿತು ಎಂದರೂ ತಪ್ಪಾಗದು. ನಮ್ಮಲ್ಲೂ ಹಾಗೇ ಹೋಗಲಿ ಎಂಬುದೇ ವಾದ. ಇನ್ನು ಕೇಂದ್ರ ಸರ್ಕಾರದ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ‘ಇ-ಗ್ರಂಥಾಲಯ’ ಸರ್ಕಾರಿ ಗ್ರಂಥಾಲಯಗಳಿಗೆ ಹಣವಿಲ್ಲದೆ ಸಿಗುತ್ತದಲ್ಲ ಎಂದು ಕೇಳಬಹುದು. ಸಿಗುತ್ತದೆ, ಆದರೆ ಅದರ ಕೋಡ್ ತೆರೆದಿಲ್ಲ. ಕನ್ನಡಕ್ಕೆ ಬೇಕಾದ ತಿದ್ದುಪಡಿಯೊಂದನ್ನು ಆನೇಕಲ್ಲಿನ ಎಂಜಿನಿಯರಿಂಗ್ ಹುಡುಗಿ ಬರೆದುಕೊಟ್ಟರೂ ಅದು ಒಳಗೆ ಹೋಗುವ ದಾರಿಯಿಲ್ಲ.

‘ತೆರೆದ ಕೋಡ್ ಎಂದರೆ ಕಳ್ಳರಿಗೂ ತೆರೆದದ್ದು’ ಎನ್ನುವವರಿದ್ದಾರೆ. ಆದರೆ ಮುಚ್ಚಿದ ಮಾತ್ರಕ್ಕೆ ಸುರಕ್ಷಿತವೂ ಅಲ್ಲ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾಗಿ ಅದರ ಮುಖ್ಯ ಕ್ಯಾಟಲಾಗ್ 2024ರ ಜನವರಿಯವರೆಗೆ ಓದುಗರಿಗೆ ಸಿಗಲಿಲ್ಲ. ಹಳೆಯ, ಬದಲಾಯಿಸಲಾಗದೆ ಉಳಿದುಬಿಟ್ಟ ವ್ಯವಸ್ಥೆಗಳು ಚೇತರಿಕೆಯನ್ನು ನಿಧಾನಿಸಿದವು ಎಂದು ಆ ಸಂಸ್ಥೆಯ ವರದಿಯೇ ಒಪ್ಪಿಕೊಂಡಿತು. 2024ರ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶವನ್ನೇ ನೆಚ್ಚಿದ ಇಂಟರ್ನೆಟ್ ಆರ್ಕೈವ್ ಕೂಡ ದಾಳಿಗೆ ಸಿಕ್ಕಿ ಹಲವು ದಿನ ಸ್ಥಗಿತವಾಯಿತು. 3 ಕೋಟಿಗೂ ಹೆಚ್ಚು ಖಾತೆಗಳ ವಿವರ ಕಳುವಾಯಿತು. ಎಂದರೆ ಅಲಕ್ಷ್ಯಕ್ಕೆ ತೆರೆದದ್ದು, ಮುಚ್ಚಿದ್ದು ಎಂಬ ಭೇದವಿಲ್ಲ. ನನಗೆ ಹೆಚ್ಚು ಆತಂಕದ್ದೆನಿಸುವುದು ಇನ್ನೊಂದು: ಆ ದಿನಗಳಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳಿಗೆ ಇದ್ದ ಸುಲಭದ ದಾರಿಯೂ ಮುಚ್ಚಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಲಾಕ್ಸ್’ ಯೋಜನೆ 1999ರಿಂದ ಹೇಳುತ್ತಿರುವುದು ಇದನ್ನೇ, ಒಂದೇ ಪ್ರತಿ ಇರಬಾರದು, ಹಲವು ಸಂಸ್ಥೆಗಳು ಹಲವು ಪ್ರತಿ ಇಟ್ಟು ಒಂದನ್ನೊಂದು ತಾಳೆ ನೋಡಿಕೊಳ್ಳುತ್ತಿರಬೇಕು. ಸ್ಯಾನ್‌ಫ್ರಾನ್ಸಿಸ್ಕೊದ ಇಂಟರ್ನೆಟ್ ಆರ್ಕೈವ್ ಮಾಡಿದ ಉಪಕಾರವನ್ನು ನೆನೆಯೋಣ, ಆದರೆ ಕನ್ನಡದ ಎರಡನೇ ಪ್ರತಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೋ ಮೈಸೂರಿನಲ್ಲೋ ಇರುವುದು ಬೇಡವೇ?

ಲೇಖಕರ, ಪ್ರಕಾಶಕರ ಆತಂಕ ಹಕ್ಕುಸ್ವಾಮ್ಯದ್ದು. ತಂತ್ರಾಂಶ ಮುಕ್ತವಾದ ಮಾತ್ರಕ್ಕೆ ಪುಸ್ತಕ ಮುಕ್ತವಾಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಡವಿದ್ದು ಇಲ್ಲೇ. ನಮ್ಮ ಕಾನೂನಿನಲ್ಲಿ ಲೇಖಕರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರವು. ಕುವೆಂಪು ಅವರ ಕೃತಿಗಳಿಗೆ 2055ರವರೆಗೆ ಕಾಯಬೇಕು. ಹಕ್ಕುದಾರರು ಮನಸ್ಸು ಮಾಡಿದರೆ ಕಾಯಬೇಕಿಲ್ಲ ಎಂಬುದಕ್ಕೂ ಕನ್ನಡದಲ್ಲಿ ನಿದರ್ಶನವಿದೆ: 2014ರಲ್ಲಿ ನಿರಂಜನರ 55 ಕೃತಿಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು, ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಹಾಗೆಯೇ ಕೊಟ್ಟಿತು. ಅಷ್ಟು ದೂರ ಹೋಗಲೊಲ್ಲದ ಪ್ರಕಾಶಕರಿಗೂ ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅಡ್ಡಿಯಲ್ಲ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಈಗಾಗಲೇ ಇರುವ ಪುಸ್ತಕವನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು ಎಂದಷ್ಟೇ ಅದು ಹೇಳುತ್ತದೆ, ಊರಿಗೆಲ್ಲ ಹಂಚಬಹುದು ಎನ್ನುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಾನಿಲ್ಲಿ ಮೊದಲು ಕೇಳುತ್ತಿರುವುದು ಪುಸ್ತಕವನ್ನಲ್ಲ, ಪುಸ್ತಕ ಎಲ್ಲಿದೆ ಎಂಬ ವಿವರವನ್ನು. ಶೀರ್ಷಿಕೆ, ಲೇಖಕ, ಪ್ರಕಾಶಕ, ವರ್ಷ, ಯಾವ ಗ್ರಂಥಾಲಯದಲ್ಲಿದೆ ಎಂಬ ಮಾಹಿತಿ ಬಯಲಿಗೆ ಬಂದರೆ ಯಾವ ಪ್ರಕಾಶಕನ ವ್ಯಾಪಾರವೂ ಕೆಡುವುದಿಲ್ಲ. ಅಚ್ಚಿನಲ್ಲಿಲ್ಲದ ಪುಸ್ತಕಕ್ಕೆ ಎಷ್ಟು ಜನ ಹುಡುಕುತ್ತಿದ್ದಾರೆ ಎಂದು ತಿಳಿದರೆ ಮರುಮುದ್ರಣಕ್ಕೆ ಧೈರ್ಯವೂ ಬರಬಹುದು.

ಹಾಗಾದರೆ ಆಗಬೇಕಾದದ್ದು ಒಂದು ಕನ್ನಡ ಸಂಯುಕ್ತ ಸೂಚಿ: ಕನ್ನಡ ಲಿಪಿಯಲ್ಲಿ, ಯೂನಿಕೋಡಿನಲ್ಲಿ, ಯಾರು ಬೇಕಾದರೂ ಕೊಯ್ದುಕೊಳ್ಳುವಂತೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ, ಗ್ರಾಮೀಣಾಭಿವೃದ್ಧಿ ಇಲಾಖೆ, ವಿಶ್ವವಿದ್ಯಾಲಯಗಳು, ಸರ್ಜಾಪುರದಂಥ ಖಾಸಗಿ ವಿಶ್ವವಿದ್ಯಾಲಯದ ಭಂಡಾರಗಳು, ಸಂಚಯದಂಥ ಗುಂಪುಗಳು ಇದಕ್ಕೆ ದಾಖಲೆ ಕೊಡಬೇಕು, ಇದರಿಂದ ದಾಖಲೆ ಪಡೆಯಬೇಕು. ಶಿಕ್ಷಕರ ಸಾಮಗ್ರಿಯ ಜೊತೆಗೆ ಹಳೆಯ ಶಾಲಾ ಪಠ್ಯಪುಸ್ತಕಗಳ ಭಂಡಾರವನ್ನೂ ತೆರೆದಿಟ್ಟಿರುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಸಂಸ್ಥೆಗೆ ಇದರ ಮೊದಲ ಹೆಜ್ಜೆಗೆ ಬೇಕಾದ ಅನುಭವ ಇದೆ. ಹೊರವರ್ತುಲದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಸರ್ಜಾಪುರ ರಸ್ತೆಯ ಕಂಪನಿಗಳ ಸರ್ವರುಗಳು ಲಿನಕ್ಸ್ ಮೇಲೆ, ಮುಕ್ತ ಡೇಟಾಬೇಸುಗಳ ಮೇಲೆ ಓಡುತ್ತವೆ. ಜಗತ್ತಿನ ಮುಯ್ಯಿಯನ್ನು ದಿನವೂ ಉಣ್ಣುವ ಈ ಭಾಗದಲ್ಲಿ ಅದನ್ನು ತೀರಿಸಬಲ್ಲ ಕನ್ನಡಿಗ ಎಂಜಿನಿಯರುಗಳಿಗೆ ಬರವಿಲ್ಲ. ಸ್ವಯಂಸೇವೆಯಿಂದಲೇ ಎಲ್ಲ ಆಗಿಬಿಡುತ್ತದೆ ಎಂದು ಮಾತ್ರ ಸರ್ಕಾರ ಭಾವಿಸಬಾರದು. ರಾತ್ರಿ ಕೆಲಸ ಮುಗಿಸಿ ಬಂದ ನಾಲ್ಕು ಜನ ಒಂದು ಭಾಷೆಯ ಸೂಚಿಯನ್ನು ಹತ್ತು ವರ್ಷ ಹೊರುವುದು ನ್ಯಾಯವೂ ಅಲ್ಲ, ಬಾಳಿಕೆಯೂ ಬಾರದು. ಸೂಚಿಕಾರರಿಗೆ ಸಂಬಳ ಬೇಕು.

ಇದಕ್ಕಾಗಿ ಹೊಸ ಕಾನೂನಿಗೆ ಕಾಯಬೇಕಿಲ್ಲ. ಕೇಂದ್ರ ಸರ್ಕಾರದ 2015ರ ಮುಕ್ತ ತಂತ್ರಾಂಶ ನೀತಿ, ಸರ್ಕಾರಿ ಟೆಂಡರುಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಇರಬೇಕು, ಅದನ್ನು ಬಿಟ್ಟರೆ ಕಾರಣ ಕೊಡಬೇಕು ಎನ್ನುತ್ತದೆ. ರಾಜ್ಯದ ಗ್ರಂಥಾಲಯಗಳ ಮುಂದಿನ ಟೆಂಡರಿನಲ್ಲೂ ಅದನ್ನೇ ಮಾದರಿಯಾಗಿಟ್ಟುಕೊಂಡು, ಪುಸ್ತಕ ವಿವರಗಳೆಲ್ಲ ಕನ್ನಡ ಲಿಪಿಯಲ್ಲಿ ಮುಕ್ತ ರೂಪದಲ್ಲಿ ಇಲಾಖೆಯ ಸ್ವತ್ತಾಗಿರಬೇಕು ಎಂಬ ಒಂದು ಷರತ್ತು ಸೇರಿದರೆ ಅರ್ಧ ಕೆಲಸ ಆದಂತೆ. ಈಗಿನ ಒಪ್ಪಂದಗಳಲ್ಲಿ ಆ ಷರತ್ತು ಇದೆಯೇ ಎಂದು ಗ್ರಂಥಾಲಯ ಕರ ಕಟ್ಟುವ ಯಾವ ಓದುಗರಾದರೂ ಮಾಹಿತಿ ಹಕ್ಕಿನಡಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ.